ಕಷಾಯ ತಣಿಯುವ ತನಕ

ಏಪ್ರಿಲ್ ೧೧

ಪ್ರೀತಿಯ ಪಾನಾ,

ಮೊದಲು ‘ಸೊಸೆಗೆ’ ಎಂದು ಬರೆದು ಹೊಡೆದು ಹಾಕಿದೆ. ಹೊಡೆದದ್ದು ಕಣ್ಣಿಗೆ ಬಿದ್ದರೆ ನಿನಗೆ ಇನ್ನಷ್ಟು ಬೇಸರವಾದೀತೆಂದು ಹಾಳೆಯನ್ನೇ ಬದಲಿಸಿದೆ. ನಿಮ್ಮ ಮಾವ ಇಟ್ಟ ಅಡ್ಡಹೆಸರನ್ನು ಯಾವ ವಿಚ್ಛೇದನದ ಕಾಗದಪತ್ರವೂ ರದ್ದು ಮಾಡಲಾರದು. ಒಂದು ಕೈಯಲ್ಲಿ ನಲ್ಲಿ ಬಿಚ್ಚುವ ಪಾನಾ, ಇನ್ನೊಂದು ಕೈಯಲ್ಲಿ ಬಿಯರಿನ ಪಾನ, ಇವಳಿಗೆ ಬೇರೆ ಹೆಸರು ಯಾಕೆ ಎಂದು ಅವರು ನಗುತ್ತಿದ್ದುದು ನಿನಗೂ ನೆನಪಿರಬೇಕು.

ನಿನ್ನ ಈಗಿನ ಮನೆ ಎಲ್ಲಿದೆಯೋ ನನಗೆ ತಿಳಿಯದು. ನಿನ್ನ ನಲ್ಲಿ-ಪೈಪಿನ ಅಂಗಡಿಯ ವಿಳಾಸ ಅಡುಗೆಮನೆಯ ಗೋಡೆಯ ಮೇಲಿನ ನಿನ್ನದೇ ಕ್ಯಾಲೆಂಡರಿನಲ್ಲಿ ಸಿಕ್ಕಿತು. ಹೋದ ವರ್ಷದ್ದು, ತೆಗೆಯಲು ಮನಸ್ಸು ಬಂದಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನನ್ನ ಕಿವಿಯ ಕತೆ ನಿನಗೆ ಗೊತ್ತೇ ಇದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಜೋಡಿಸಿದ ಕಿವಿ ಈಗ ರಾಜೀನಾಮೆ ಕೊಟ್ಟಿದೆ.

ವಿಷಯಕ್ಕೆ ಬರುತ್ತೇನೆ. ಬಿಯರ್ ಕೆಟ್ಟಿದೆ. ಒಂದಲ್ಲ, ಮೂರು ಸಲ.

ಕಾಳಿನ ಕೆಲಸದಲ್ಲಿ ತಪ್ಪಿಲ್ಲ. ಮೊಳೆತ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸುವುದು, ಸಿಹಿನೀರು ಬಸಿಯುವುದು, ಕಹಿಗೆ ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸುವುದು, ಎಲ್ಲವನ್ನೂ ನಿಮ್ಮ ಮಾವ ನೀನಿದ್ದಾಗಿನಂತೆಯೇ ಮಾಡುತ್ತಾರೆ. ಆ ಕುದಿಸಿದ ಸಿಹಿನೀರನ್ನು ನಾವು ಕಷಾಯ ಎನ್ನುತ್ತಿದ್ದೆವಲ್ಲ, ಅದರ ಘಮ ಮೆಟ್ಟಿಲಿನವರೆಗೂ ಬರುತ್ತದೆ. ತೊಂದರೆಯೆಲ್ಲ ಆಮೇಲಿನದು. ಅದು ತಣ್ಣಗಾಗುವುದೇ ಇಲ್ಲ. ನೀನು ಮಾಡಿಕೊಟ್ಟ ತಾಮ್ರದ ಸುರುಳಿಯನ್ನು ಪಾತ್ರೆಗೆ ಇಳಿಸಿ, ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದರೆ, ನಲವತ್ತು ಡಿಗ್ರಿಯವರೆಗೆ ಸರಸರನೆ ಇಳಿಯುತ್ತದೆ. ಅಲ್ಲಿಂದ ಮುಂದೆ ರಸ್ತೆಯ ನಡುವೆ ಕೂತ ಎಮ್ಮೆಯ ಹಾಗೆ ಏಳುವ ಮಾತೇ ಇಲ್ಲ. ಈ ಬಿಸಿಲಿಗೆ ನಲ್ಲಿಯ ನೀರಿನಲ್ಲೇ ಕೈ ಇಡಲಾಗುವುದಿಲ್ಲ.

ಮೊದಲ ಸಲ ತಾಳ್ಮೆಗೆಟ್ಟು ಹಾಗೇ ಯೀಸ್ಟ್ ಹಾಕಿದರು. ಕುಡಿದರೆ ಬಾಗಿಲಿಗೆ ಬಳಿಯುವ ಬಣ್ಣದ ರುಚಿ. ಎರಡನೆಯ ಸಲ ತಾನಾಗಿಯೇ ತಣಿಯಲಿ ಎಂದು ಮುಚ್ಚಿಟ್ಟರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೇಲೆ ಕೆನೆಯಂಥ ಪೊರೆ, ಕೆಳಗೆ ಹುಳಿ. ಮೂರನೆಯ ಸಲ ಮೂಲೆಯ ಅಂಗಡಿಯ ಐಸನ್ನು ನೇರ ಪಾತ್ರೆಗೇ ಸುರಿದರು. ಅದರ ಗತಿ ಬರೆಯುವುದಿಲ್ಲ. ಚರಂಡಿಗೆ ಸುರಿದು ಬಂದವರು ಕೈ ತೊಳೆಯದೆ ಕೂತಿದ್ದರು. ಮೂವತ್ತೆಂಟು ವರ್ಷ ಬೇಕರಿಯಲ್ಲಿ ಯೀಸ್ಟಿನ ಜೊತೆ ಸಂಸಾರ ಮಾಡಿದ ಮನುಷ್ಯ, ಯೀಸ್ಟು ತನ್ನ ಮಾತು ಕೇಳುತ್ತಿಲ್ಲವೆಂದರೆ ಹೇಗಾಗಬೇಡ?

ಜೂನ್ ನಡುವಿನಲ್ಲಿ ಅವರ ಹಳೆಯ ಬೇಕರಿಯವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಇಪ್ಪತ್ತು ಬಾಟಲಿ ಎಂದು ಬಾಯಿ ಬಿಟ್ಟು ಹೇಳಿಬಿಟ್ಟಿದ್ದಾರೆ. ನಾಲ್ಕನೆಯದೂ ಕೆಟ್ಟರೆ ಪಾತ್ರೆಯನ್ನು ಗುಜರಿಯವನಿಗೆ ಕೊಡುತ್ತಾರಂತೆ. ಗುಜರಿಗೆ ಹೋಗುವುದು ಪಾತ್ರೆಯಷ್ಟೇ ಅಲ್ಲ ಎಂದು ನನ್ನ ಭಯ.

ನೀನಿದ್ದಾಗ ಎಂಥ ಬೇಸಿಗೆಯಲ್ಲೂ ಕೆಟ್ಟದ್ದಿಲ್ಲ. ಏನು ಮಾಡುತ್ತಿದ್ದೆ ಎಂದು ನಾವಿಬ್ಬರೂ ನೋಡಿಯೇ ಇಲ್ಲ. ತಣ್ಣಗಾದ ಮೇಲೆ ಬಂದು ಮೂಗು ತೂರಿಸುತ್ತಿದ್ದೆವು. ದಯವಿಟ್ಟು ಬರೆದು ತಿಳಿಸು. ನನ್ನ ಮಗ ತಿಂಗಳಿಗೊಂದು ಭಾನುವಾರ ಬಂದು ಊಟ ಮಾಡಿ ಹೋಗುತ್ತಾನೆ. ಅವನ ವಿಷಯ ಬರೆಯಲು ಈ ಹಾಳೆ ತೆಗೆದದ್ದಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಸದ್ಯ ಇದು ಬೇಸಿಗೆಕಾಲ ಎಂದು ತಿಳಿದು ಉತ್ತರ ಬರೆ.

ನಿನ್ನ ಒಳಿತನ್ನೇ ಬಯಸುವ,
ಅತ್ತೆ (ಹಾಗೆನ್ನಬಹುದಾದರೆ)

ತಾ.ಕ.: ಇದನ್ನು ಬರೆದದ್ದು ನಿಮ್ಮ ಮಾವನಿಗೆ ಗೊತ್ತಿಲ್ಲ. ಉತ್ತರವನ್ನು ನನ್ನ ಹೆಸರಿಗೇ ಹಾಕು.

*

ಏಪ್ರಿಲ್ ೨೦

ಅತ್ತೆಯವರಿಗೆ,

ನಾನು ಹೊಡೆದು ಹಾಕಿಲ್ಲ. ಬೇರೆ ಪದ ಹುಡುಕುತ್ತ ಕೂರಲು ಪುರುಸೊತ್ತೂ ಇಲ್ಲ. ಈಗ ಒಂದು ಹೊಸ ಹಾಸ್ಟೆಲ್ ಕಟ್ಟಡಕ್ಕೆ ಪೈಪು ಎಳೆಯುತ್ತಿದ್ದೇವೆ. ನಾಲ್ಕು ಅಂತಸ್ತು, ಎಂಬತ್ತು ನಲ್ಲಿ. ಊಟದ ಬಿಡುವಿನಲ್ಲಿ ಸಿಮೆಂಟ್ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ತಪ್ಪು ಮಾವನದಲ್ಲ, ತಾರಸಿಯ ಮೇಲಿನ ಕರಿ ಟ್ಯಾಂಕಿನದು. ಸುರುಳಿಯೊಳಗೆ ಹರಿಯುವ ನೀರು ತಾನೆಷ್ಟು ತಣ್ಣಗಿದೆಯೋ ಅದಕ್ಕಿಂತ ತಣ್ಣಗೆ ಯಾವುದನ್ನೂ ಮಾಡಲಾರದು. ಟ್ಯಾಂಕಿನ ನೀರೇ ಮೂವತ್ತಾರು ಡಿಗ್ರಿ ಇದ್ದರೆ ಕಷಾಯ ನಲವತ್ತಕ್ಕೆ ನಿಲ್ಲುವುದು ನ್ಯಾಯವೇ. ಅದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡಕ್ಕೆ ಇಳಿಯುವ ತನಕ ಮಾವ ಯೀಸ್ಟಿನ ಪೊಟ್ಟಣ ಮುಟ್ಟಬಾರದು. ಹಾಗೆಂದು ನಿಧಾನವಾಗಿಯೂ ಇಳಿಯಕೂಡದು. ಉಗುರುಬೆಚ್ಚಗಿನ ಸಿಹಿನೀರೆಂದರೆ ಗಾಳಿಯಲ್ಲಿರುವ ಕ್ರಿಮಿಗಳಿಗೆಲ್ಲ ಬಾಗಿಲು ತೆರೆದಿಟ್ಟ ಮನೆ.

ಬೆಳಗ್ಗೆ ಐದಕ್ಕೆ ಒಲೆ ಹಚ್ಚಿ. ಆ ಹೊತ್ತಿಗೆ ಟ್ಯಾಂಕಿನ ನೀರು ತಕ್ಕಮಟ್ಟಿಗೆ ತಣಿದಿರುತ್ತದೆ. ಕುದಿಯುವುದು ಮುಗಿಯಲು ಕಾಲುಗಂಟೆ ಇರುವಾಗ ಸುರುಳಿಯನ್ನು ಒಳಗೆ ಇಳಿಸಿ, ಅದೂ ಕುದಿದು ಶುದ್ಧವಾಗಲಿ. ಒಲೆ ಆರಿಸಿ ಮೊದಲು ಬರೀ ನಲ್ಲಿಯ ನೀರು ಬಿಡಿ. ಕುದಿಯುವುದರ ಮೇಲೆ ಐಸ್ ಖರ್ಚು ಮಾಡಬೇಡಿ, ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸುರುಳಿಯಿಂದ ಹೊರಬರುವ ಬಿಸಿನೀರಿನಲ್ಲಿ ಬಾಟಲಿ ತೊಳೆಯಬಹುದು. ನಲವತ್ತಕ್ಕೆ ಬಂದ ಮೇಲೆ ನಲ್ಲಿಯಿಂದ ಪೈಪು ಬಿಡಿಸಿ. ಹಳೆಯ ಏರ್‌ಕೂಲರಿನ ಪುಟ್ಟ ಪಂಪು ಅಡುಗೆಮನೆಯ ಅಟ್ಟದ ಮೇಲಿದೆ. ಅದನ್ನು ಐಸ್ ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಆ ನೀರನ್ನೇ ಸುರುಳಿಯಲ್ಲಿ ಸುತ್ತಿಸಿ. ಸುರುಳಿಯನ್ನು ಮೆಲ್ಲಗೆ ಅಲುಗಾಡಿಸುತ್ತಿರಿ. ಅರ್ಧ ಗಂಟೆಯ ಕೆಲಸ. ನಾನು ಮಾಡುತ್ತಿದ್ದುದು ಇಷ್ಟೇ, ಮಂತ್ರವಿರಲಿಲ್ಲ.

ಯೀಸ್ಟ್ ಹಾಕಿದ ಮೇಲೆ ಕಷಾಯ ಹುದುಗುವ ಕ್ಯಾನನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸಿ, ಮಾವನ ಹಳೆಯ ಬನಿಯನ್ ಒದ್ದೆ ಮಾಡಿ ತೊಡಿಸಿ, ಫ್ಯಾನ್ ಹಾಕಿ. ಬನಿಯನ್ನಿನ ಅಂಚು ನೀರಿನಲ್ಲೇ ಇರಲಿ.

ಈಗ ಒಂದು ಕೆಟ್ಟ ಸುದ್ದಿ. ಆ ಸುರುಳಿಯನ್ನು ನಾನು ಉಳಿದ ಎರಡು ತುಂಡು ಪೈಪಿನಿಂದ ಮಾಡಿದ್ದೆ. ಕೆಳಗಿನ ಬಾಗುವಿನಲ್ಲಿ ಒಂದು ಬೆಸುಗೆ ಇದೆ. ಹೊರಡುವ ವಾರ ಅದು ಸಡಿಲವಾಗಿದ್ದು ನೋಡಿದ್ದೆ. ಸರಿ ಮಾಡಬೇಕಿತ್ತು, ಮಾಡಲಿಲ್ಲ. ಆ ವಾರ ನನಗೆ ಆ ಮನೆಯ ಯಾವುದನ್ನೂ ಸರಿ ಮಾಡುವ ಮನಸ್ಸಿರಲಿಲ್ಲ. ಒಂದು ತುದಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿ ನೋಡಿ. ಗುಳ್ಳೆ ಬಂದರೆ ಅದು ಸೋರುತ್ತಿದೆ, ಹಸಿನೀರು ಕಷಾಯಕ್ಕೆ ಸೇರುತ್ತಿದೆ ಎಂದರ್ಥ. ಹಾಗಿದ್ದರೆ ಮೂರು ಸಲ ಕೆಟ್ಟದ್ದರಲ್ಲಿ ನನ್ನ ಪಾಲೂ ಇದೆ. ತಪ್ಪಾಯಿತು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಚೆನ್ನಾಗಿದ್ದೇನೆ. ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದೇನೆ. ಅಂದು ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ನೀವು ಹೇಳಿದ ಮಾತು ಮರೆತಿಲ್ಲ. ಜಗಳಕ್ಕೆ ಬರೆದದ್ದಲ್ಲ. ಮರೆತಿದ್ದೇನೆ ಎಂದುಕೊಂಡು ನೀವು ನೆಮ್ಮದಿಯಾಗಿರಬಾರದು, ಅಷ್ಟೇ.

ಮಾವನಿಗೆ ನಮಸ್ಕಾರ,
ಪಾನಾ

ತಾ.ಕ.: ಊದುವ ಕೆಲಸ ನೀವು ಮಾಡಿ. ಮಾವನಿಗೆ ಉಸಿರು ಸಾಲದು, ಒಪ್ಪಿಕೊಳ್ಳುವುದೂ ಇಲ್ಲ.

*

ಮೇ ೩೧

ಪ್ರೀತಿಯ ಪಾನಾ,

ಉತ್ತರ ಬಂದು ಒಂದು ತಿಂಗಳ ಮೇಲಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹವಾಮಾನ ಬರೆದು ಎದ್ದೆ. ಇವತ್ತು ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತಿದ್ದೇನೆ.

ಊದಿದೆ. ಗುಳ್ಳೆ ಬಂತು, ಸಾಲುಸಾಲಾಗಿ ಬಂತು. ಕೆನ್ನೆ ಉಬ್ಬಿಸಿಕೊಂಡು ಬಕೆಟ್ಟಿನ ಮುಂದೆ ಕೂತ ನನ್ನನ್ನು ನೋಡಿ ನಿಮ್ಮ ಮಾವ, ಈ ವಿದ್ಯೆ ಯಾರು ಕಲಿಸಿದರು ಎಂದರು. ಸುಳ್ಳು ಹೊಳೆಯಲಿಲ್ಲ. ನಿನ್ನ ಕಾಗದ ಕೊಟ್ಟೆ. ಕಿಟಕಿಯ ಹತ್ತಿರ ನಿಂತು ಎರಡು ಸಲ ಓದಿ, ಮಡಿಚಿ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಬೇರೆಯವರ ಹತ್ತಿರ ಬೆಸುಗೆ ಹಾಕಿಸೋಣವೆಂದೆ. ಅವಳು ಮಾಡಿದ್ದಕ್ಕೆ ಬೇರೆಯವರ ಕೈ ಹಾಕಿಸುವುದಿಲ್ಲ ಎಂದರು. ಹಾಗಾಗಿ ಸುರುಳಿಯಿಲ್ಲದೆ, ಬರೀ ಟಬ್ಬು ಮತ್ತು ಐಸಿನಲ್ಲಿ ತಣಿಸುವುದೆಂದು ತೀರ್ಮಾನವಾಯಿತು.

ಮೇ ನಾಲ್ಕರಂದು ಬೆಳಗ್ಗೆ ಐದಕ್ಕೆ ಒಲೆ ಹಚ್ಚಿದೆವು. ಕುದಿ ಮುಗಿಯುವ ಹೊತ್ತಿಗೆ ಅವರು ಸೈಕಲ್ಲಿನಲ್ಲಿ ಮೀನು ಮಾರುಕಟ್ಟೆಗೆ ಹೋಗಿ ಒಂದು ಗಡ್ಡೆ ಐಸನ್ನು ಗೋಣಿಯಲ್ಲಿ ಸುತ್ತಿ ಹಿಂದೆ ಕಟ್ಟಿಕೊಂಡು ಬಂದರು. ದಾರಿಯುದ್ದಕ್ಕೂ ಕರಗಿ ಪ್ಯಾಂಟಿನ ಹಿಂಭಾಗವೆಲ್ಲ ತೊಪ್ಪೆ. ಮೆಟ್ಟಿಲಲ್ಲಿ ಎದುರಾದ ಮೇಲಿನ ಮನೆಯ ಟೀಚರು ಗಾಬರಿಯಿಂದ, “ಡಾಕ್ಟರಿಗೆ ತೋರಿಸಿದ್ರಾ?” ಎಂದು ಕೇಳಿದರಂತೆ. ಅವರು ಒಳಗೆ ಬಂದು ಹೇಳಿದಾಗ ನಾನು ಪಾತ್ರೆಯ ಹಿಡಿ ಬಿಟ್ಟು ನಕ್ಕೆ.

ಬಾತ್‌ರೂಮಿನ ದೊಡ್ಡ ಟಬ್ಬಿನಲ್ಲಿ ಪಾತ್ರೆ ಇಟ್ಟು ಮೊದಲು ಮೂರು ಸಲ ನೀರು ಬದಲಿಸಿದೆವು. ಆಮೇಲೆ ಐಸ್ ಒಡೆದು ಸುತ್ತ ತುಂಬಿ, ಮುಚ್ಚಳ ಹಾಕಿದ ಪಾತ್ರೆಯನ್ನು ಆ ಕಡೆಯಿಂದ ಅವರು, ಈ ಕಡೆಯಿಂದ ನಾನು ಹಿಡಿದು ಮೆಲ್ಲಗೆ ತಿರುಗಿಸುತ್ತ ಕೂತೆವು. ಮೂವತ್ತೊಂದಕ್ಕೆ ಬಂದಾಗ ಐಸ್ ಮುಗಿಯಿತು.

“ಸಾಕು, ಹಾಕಿಬಿಡೋಣ. ಬೇಕರೀಲಿ ಇದಕ್ಕಿಂತ ಬಿಸಿ ಹಿಟ್ಟಿಗೆ ಹಾಕಿದೀನಿ,” ಎಂದರು.

“ಇದು ಬನ್ನಲ್ಲ,” ಎಂದು ನಾನು ಪೊಟ್ಟಣ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅವರು ಜಗಳವಾಡುತ್ತಾರೆಂದುಕೊಂಡೆ. ಆಡಲಿಲ್ಲ. ಟಬ್ಬಿನ ಅಂಚಿಗೆ ಕೈಯೂರಿ ನನ್ನ ಮುಖ ನೋಡಿದರು.

“ಅವತ್ತು ಮುಂದಿನ ಕೋಣೇಲಿ ನೀನು ಏನು ಹೇಳ್ದೆ?”

ಅಂದು ಜಗಳ ನೋಡಲಾರದೆ ಅವರು ತಾರಸಿಯಲ್ಲಿ ಬಾಟಲಿ ತೊಳೆಯುತ್ತಿದ್ದರಲ್ಲ, ಅವರಿಗೆ ಗೊತ್ತಿರಲಿಲ್ಲ. ನ್ಯಾಯ ಕೇಳಲು ಬಂದಿದ್ದ ನಿನ್ನ ಅಣ್ಣ ನನ್ನ ಕಡೆ ತಿರುಗಿ, ‘ಅಮ್ಮಾ, ನೀವು ಪಕ್ಕದ ಕೋಣೇಲೇ ಇರೋರು, ಇವನು ನನ್ನ ತಂಗಿಗೆ ಹಾಗೆಲ್ಲ ಅಂದಿದ್ದು ಹೌದಾ’ ಎಂದು ಕೇಳಿದ್ದು, ನಾನು ಕಿವಿ ಮುಟ್ಟಿ ತೋರಿಸಿ, ‘ನಂಗೆ ಕೇಳಿಸಲ್ಲಪ್ಪ’ ಎಂದದ್ದು, ಎಲ್ಲವನ್ನೂ ಹೇಳಿದೆ.

“ನಿಂಗೆ ಕೇಳಿಸಿತ್ತಾ?”

“ಕೇಳಿಸಿತ್ತು.”

“ಎಲ್ಲಾ?”

“ಎಲ್ಲಾ.”

ಹೌದು ಮಗಳೇ. ಎಕ್ಸ್‌ಚೇಂಜು ತಿಂದದ್ದು ನನ್ನ ಬಲಗಿವಿಯನ್ನು ಮಾತ್ರ. ನಿಮ್ಮ ಗೋಡೆಯ ಕಡೆಗೆ ಇದ್ದದ್ದು ಎಡಗಿವಿ. ಚರಂಡಿ ವಾಸನೆ ಬರುತ್ತದೆ, ದೂರ ಮಲಗು ಎಂದು ಅವನು ಅಂದದ್ದು ಕೇಳಿಸಿತ್ತು. ನಾಲ್ಕು ಜನರ ಮುಂದೆ ನನ್ನ ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಹೇಳಲಿ ಎಂದದ್ದು ಕೇಳಿಸಿತ್ತು. ನಿನ್ನ ಸಾಮಾನಿನ ಚೀಲವನ್ನು ಬಾಗಿಲಾಚೆ ಎಸೆದಾಗ ಪಾನಾಗಳು ಒಂದೊಂದಾಗಿ ಮೆಟ್ಟಿಲಿಳಿದ ಸದ್ದು ಕೇಳಿಸಿತ್ತು. ನೀನು ಒಬ್ಬಳೇ ಹೋಗಿ ಆರಿಸಿಕೊಂಡು ಬಂದದ್ದೂ ಕೇಳಿಸಿತ್ತು. ನಾನು ಗೋಡೆಯ ಕಡೆ ಬಲಗಿವಿ ಮಾಡಿ ಮಗ್ಗುಲು ಬದಲಿಸಿದೆ.

ಯಾಕೆ ಸುಳ್ಳು ಹೇಳಿದೆ? ಹೌದೆಂದರೆ ಮಗ ಕೈತಪ್ಪಿ ಹೋಗುತ್ತಾನೆಂಬ ಹೆದರಿಕೆ. ಸುಳ್ಳು ಹೇಳಿ ಉಳಿಸಿಕೊಂಡದ್ದು ತಿಂಗಳಿಗೊಂದು ಊಟದಷ್ಟು ಮಗನನ್ನು. ನಿನ್ನನ್ನಂತೂ ಪೂರ್ತಿ ಕಳೆದುಕೊಂಡೆ. ಈಗ ನಿನ್ನ ಕಣ್ಣೆದುರು ಇದ್ದಿದ್ದರೆ ತಲೆ ಎತ್ತುತ್ತಿರಲಿಲ್ಲ. ಕ್ಷಮಿಸೆಂದು ಕೇಳುತ್ತಿದ್ದೇನೆ. ಕ್ಷಮಿಸಲೇಬೇಕೆಂದಲ್ಲ.

ಫೋನಿನ ವಿಷಯವೂ ಅರ್ಧ ಸುಳ್ಳೇ. ಎಡಗಿವಿಗೆ ಹಿಡಿದರೆ ಚೆನ್ನಾಗಿಯೇ ಕೇಳಿಸುತ್ತದೆ. ನಿನ್ನ ದನಿ ಕೇಳುವ ಧೈರ್ಯವಿರಲಿಲ್ಲ.

ನಿಮ್ಮ ಮಾವ ಅಷ್ಟು ಕೇಳಿ ಎದ್ದು, ಗೋಣಿ ತೆಗೆದುಕೊಂಡು ಹೊರಟುಹೋದರು. ಸೈಕಲ್ಲಿನ ಗಂಟೆ ಕೇಳುವವರೆಗೆ ನಾನು ಆ ಪಾತ್ರೆಯನ್ನು ಒಬ್ಬಳೇ ತಿರುಗಿಸುತ್ತಿದ್ದೆ. ಎರಡನೆಯ ಗಡ್ಡೆ ತಂದು ಒಡೆದು ಸುರಿದು, ಎದುರಿಗೆ ಕೂತು, ಹಿಡಿ ಹಿಡಿದುಕೊಂಡು ಹೇಳಿದರು: “ನಂಗೆ ಹೇಳಿ ಏನು ಬಂತು? ಅವಳಿಗೆ ಹೇಳು. ನಿನ್ನ ಮಗನಿಗೂ ಹೇಳು.” ನಲವತ್ತು ವರ್ಷದ ಸಂಸಾರದಲ್ಲಿ ಅವರು ‘ನಿನ್ನ ಮಗ’ ಎಂದದ್ದು ಆ ಹುಡುಗ ಪರೀಕ್ಷೆಯಲ್ಲಿ ಫೇಲಾದಾಗ ಒಮ್ಮೆ, ಅವತ್ತು ಒಮ್ಮೆ.

ಹನ್ನೊಂದೂವರೆಗೆ ಇಪ್ಪತ್ತೊಂದು ಡಿಗ್ರಿ ತೋರಿಸಿತು. ಪೊಟ್ಟಣ ಕೊಟ್ಟೆ. ಮಗುವಿಗೆ ಪೌಡರ್ ಹಚ್ಚುವವರ ಹಾಗೆ ಉದುರಿಸಿದರು. ಬನಿಯನ್ ತೊಡಿಸಿದ್ದೂ ಅವರೇ. ಅವರಿಗಿಂತ ಕ್ಯಾನಿಗೇ ಚೆನ್ನಾಗಿ ಒಪ್ಪುತ್ತದೆ.

ಮುಂದಿನ ಭಾನುವಾರ ಮಗ ಬಂದ. ಊಟದ ನಡುವೆ ಹೇಳಬಾರದೆಂದು ಕಾದು, ಅವನು ಕೈ ತೊಳೆದು ಬಂದ ಮೇಲೆ ಹೇಳಿದೆ. ನನಗೆ ಎಲ್ಲ ಕೇಳಿಸಿತ್ತು, ನೀನು ಆಡಿದ್ದು ಕೆಟ್ಟ ಮಾತು, ಅವಳ ಅಣ್ಣನೆದುರು ನಾನು ಸುಳ್ಳಾಡಿದೆ ಎಂದೆ. ಸಿಟ್ಟು ಮಾಡುತ್ತಾನೆ, ಇನ್ನು ಬರುವುದೇ ಇಲ್ಲ ಎನ್ನುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವನು ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತ.

“ಗೊತ್ತಿತ್ತಮ್ಮಾ. ನೀನು ಕೆಮ್ಮಿದ್ರೆ ನಮಗೆ ಕೇಳಿಸ್ತಿತ್ತು, ನಾನು ಕೂಗಾಡಿದ್ದು ನಿಂಗೆ ಕೇಳಿಸ್ದೆ ಇರತ್ತಾ? ನೀನು ಒಂದು ದಿನಾನೂ ಏನೂ ಅನ್ಲಿಲ್ಲ. ಅಮ್ಮನೇ ಸುಮ್ನಿದಾಳೆ ಅಂದ್ರೆ ನಾನು ಹೇಳ್ತಿರೋದು ಸರಿ ಇರ್ಬೇಕು ಅಂದ್ಕೊಂಡೆ.”

ಪಾನಾ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಬರೀ ನಿನಗೆ ಅನ್ಯಾಯವಾಯಿತು ಎಂದುಕೊಂಡಿದ್ದೆ. ಅವನನ್ನೂ ಹಾಳು ಮಾಡಿದ್ದೆ. ಸರಿಯಲ್ಲ, ಅವತ್ತೇ ಹೇಳಬೇಕಿತ್ತು, ಈಗ ಹೇಳುತ್ತಿದ್ದೇನೆ ಎಂದೆ. ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ಹೊರಟ. ಮೆಟ್ಟಿಲಿಳಿಯುವ ಸದ್ದು ಅರ್ಧದಲ್ಲಿ ಬಹಳ ಹೊತ್ತು ನಿಂತು ಆಮೇಲೆ ಮುಂದುವರಿಯಿತು.

ಮೊನ್ನೆ ಪರೀಕ್ಷೆಗೆಂದು ಒಂದು ಬಾಟಲಿ ತೆರೆದೆವು. ‘ಟಸ್’ ಎಂದಿತು. ಬಣ್ಣ ತಿಳಿಯಾಗಿದೆ, ನೊರೆ ನಿಲ್ಲುತ್ತದೆ, ಹುಳಿ ಎಳ್ಳಷ್ಟೂ ಇಲ್ಲ. ನಿಮ್ಮ ಮಾವ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದವರು, ತೆರೆದಾಗ ಒದ್ದೆಯಾಗಿತ್ತು. ಬಿಸಿಲು ಎಂದರು. ಆಗ ಸಂಜೆ ಆರೂವರೆ.

ಬೇಕರಿಯವರು ಬರುವುದು ಜೂನ್ ಹದಿನಾಲ್ಕಕ್ಕೆ. ಬಾ ಎಂದು ಕರೆಯುವ ಹಕ್ಕು ಕಳೆದುಕೊಂಡಿದ್ದೇನೆ. ಹದಿನಾಲ್ಕಕ್ಕೆ ಎಂದು ತಿಳಿಸಿದ್ದೇನಷ್ಟೆ.

ನಿನ್ನ,
ಅತ್ತೆ

ತಾ.ಕ.: ನಿನ್ನ ಕಾಗದವನ್ನು ನಿಮ್ಮ ಮಾವ ವಾಪಸು ಕೊಟ್ಟಿಲ್ಲ. ಕೇಳಿದರೆ ಡಿಗ್ರಿ ನೋಡಿಕೊಳ್ಳಲು ಬೇಕು ಎನ್ನುತ್ತಾರೆ.

*

ಜೂನ್ ೬

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಹಾಸ್ಟೆಲ್ಲಿನ ಮೂರನೆಯ ಅಂತಸ್ತಿನ ಮೆಟ್ಟಿಲಲ್ಲಿ ಕೂತು ಓದಿದೆ. ಜೊತೆಗೆ ಕೆಲಸ ಮಾಡುವ ಅಕ್ಕ ಬಂದು, ಯಾರಾದರೂ ಹೋದರೇನೇ ಎಂದು ಕೇಳಿದಳು. ಇಲ್ಲ ಎಂದೆ. ಅಳು ಬಂದದ್ದು ಆ ಸಾಮಾನಿನ ಚೀಲದ ಸಾಲುಗಳಲ್ಲಿ. ಅಂದು ಮೆಟ್ಟಿಲಲ್ಲಿ ಬಗ್ಗಿ ಪಾನಾಗಳನ್ನು ಆರಿಸುವಾಗ, ಈ ಲೋಕದಲ್ಲಿ ಇದು ಒಬ್ಬರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಒಬ್ಬರಿಗೆ ಗೊತ್ತಿತ್ತು ಎನ್ನುವುದು ಸಮಾಧಾನವೋ ಸಿಟ್ಟೋ ಇನ್ನೂ ತೀರ್ಮಾನವಾಗಿಲ್ಲ. ಎರಡೂ ಇದೆ. ಸಿಟ್ಟು ಬೇಗ ಇಳಿಯುವುದಿಲ್ಲ, ಆದರೆ ಇಳಿಯುತ್ತಿದೆ.

ಸೊಸೆಯಾಗಿ ಆ ಮನೆಗೆ ಬರಲಾರೆ, ಅದು ಮುಗಿದ ಮಾತು. ನೀವೂ ಅದನ್ನು ಬಯಸಿ ಬರೆದಿಲ್ಲವೆಂದು ಗೊತ್ತು. ಆದರೆ ಹದಿನಾಲ್ಕಕ್ಕೆ ಬಂದುಹೋಗಲು ಅಣ್ಣ ಒಪ್ಪಿದ್ದಾನೆ. ನಿಮ್ಮ ಕಾಗದವನ್ನು ಅವನಿಗೆ ಓದಲು ಕೊಟ್ಟೆ. ಅವನೆದುರು ಆಡಿದ್ದಲ್ಲವೇ, ತಿದ್ದಿದ್ದೂ ಅವನಿಗೆ ತಿಳಿಯಬೇಕು. ಓದಿ, ಮಡಿಚಿ ನನ್ನ ಕೈಗೆ ಕೊಟ್ಟು, “ದೊಡ್ಡೋರು ಇಷ್ಟು ಬರೆಯೋದು ಸುಲಭ ಅಲ್ಲ, ಹೋಗಿ ಬಾ,” ಎಂದ.

ಹದಿನಾಲ್ಕರಂದು ಬೆಳಗ್ಗೆ ಎಂಟಕ್ಕೆ ಬರುತ್ತೇನೆ. ಗ್ಯಾಸ್ ಟಾರ್ಚು, ತಾಮ್ರದ ತುಂಡು ನಾನೇ ತರುತ್ತೇನೆ. ನೆಂಟರು ಬರುವ ಮುಂಚೆ ಬಾಲ್ಕನಿಯಲ್ಲಿ ಅರ್ಧ ಗಂಟೆ ಜಾಗ ಬಿಟ್ಟುಕೊಡಿ. ಈ ಸಲ ಜೋಡಣೆಯಿಲ್ಲದೆ ಒಂದೇ ಪೈಪಿನಲ್ಲಿ ಸುತ್ತಿ ಕೊಡಬೇಕೆಂದಿದ್ದೆ. ಮಾವ ಹಳೆಯದೇ ಬೇಕೆಂದು ಹಟ ಹಿಡಿಯುತ್ತಾರೆ, ಬೆಸೆದೇ ಕೊಡುತ್ತೇನೆ. ಆಮೇಲೆ ನನ್ನ ಪಾಲಿನ ಬಾಟಲಿ ತೆಗೆದಿಡಿ. ಮಾವನ ಗೆಳೆಯರು ಯಾರು ಈಕೆ ಎಂದು ಕೇಳಿದರೆ ಪೈಪಿನವಳು ಎಂದು ಹೇಳಿ. ನನಗೆ ಆ ಮಾತಿನಲ್ಲಿ ಯಾವ ಕುಂದೂ ಕಾಣುವುದಿಲ್ಲ.

ನಿಮ್ಮ,
ಪಾನಾ

ತಾ.ಕ.: ಚೀಲದ ಮಾತೊಂದು ಬಿಟ್ಟರೆ, ನೀವು ಬರೆದ ವಿಷಯ ನನಗೆ ಮೊದಲೇ ಗೊತ್ತಾಗಿತ್ತು. ಮೂರು ವಾರದ ಹಿಂದೆ ನಿಮ್ಮ ಮಗ ಅಂಗಡಿಗೆ ಬಂದಿದ್ದರು. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು, ‘ಅಮ್ಮನಿಗೆ ಎಲ್ಲಾ ಕೇಳಿಸಿತ್ತಂತೆ, ನಾನು ಆಡಿದ್ದು ತಪ್ಪು’ ಎಂದರು. ಕುಡಿಯಲು ನೀರು ಕೊಟ್ಟೆ, ಅದಕ್ಕಿಂತ ಹೆಚ್ಚಿಗೆ ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಕುಡಿದು, ನಲ್ಲಿಯಲ್ಲಿ ಲೋಟ ತೊಳೆದಿಟ್ಟು ಹೋದರು. ಅವರು ಹೇಳಿದ್ದನ್ನು ನೀವಾಗಿಯೇ ಬರೆಯುತ್ತೀರೋ ಇಲ್ಲವೋ ಎಂದು ಅವತ್ತಿನಿಂದ ದಿನಾ ಅಂಚೆಯವನು ಬರುವ ಹೊತ್ತಿಗೆ ಹಾಸ್ಟೆಲ್ಲಿನ ಕೆಲಸ ಬಿಟ್ಟು ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.